ವಿಜ್ಞಾನ ವಿದುಷಿ ಬಿಭಾ ಚೌಧುರಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಬಂಧುಗಳು ನನ್ನ ಮನೆಗೆ ಬಂದಾಗ, ಶಾಲೆಯ ಹಳೆಯ ದಿನಗಳನ್ನೇ ನಾನು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಮುಳಿಹುಲ್ಲಿನ ಮಾಡಿನ ಕೆಳಗೆ ಆರಂಭವಾದ ತರಗತಿಗಳು, ಮಳೆಗಾಲದಲ್ಲಿ ಸೋರುತ್ತಿದ್ದ ಮೂಲೆಗಳು, ಊರ ಮಹನೀಯರು ಹೊತ್ತು ತಂದ ಕೆಂಪುಕಲ್ಲುಗಳು, ಇವುಗಳ ಕಥೆಯನ್ನು ಈ ಸಂಚಿಕೆಯಲ್ಲಿ ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ನಾನು ಬೇರೊಂದು ಕಥೆಯನ್ನು ಆರಿಸಿಕೊಂಡಿದ್ದೇನೆ. ಅದು ನಮ್ಮ ನಾಡಿನವರಲ್ಲದ, ನಮ್ಮ ನುಡಿಯವರೂ ಅಲ್ಲದ ಓರ್ವ ಮಹಿಳೆಯ ಜೀವನ ಚರಿತ್ರೆ. ಇದನ್ನು ಆರಿಸಿಕೊಂಡುದಕ್ಕೆ ಕಾರಣವೊಂದಿದೆ. ಅದನ್ನು ಲೇಖನದ ಕೊನೆಯಲ್ಲಿ ನಿವೇದಿಸಿಕೊಳ್ಳುವೆನು.

ಬಿಭಾ ಚೌಧುರಿಯವರು 1913ನೇ ಇಸವಿ ಜುಲೈ 3ರಂದು ಕಲ್ಕತ್ತೆಯಲ್ಲಿ ಜನಿಸಿದರು. ರವೀಂದ್ರನಾಥ ಠಾಕೂರರಿಗೆ ನೊಬೆಲ್ ಪಾರಿತೋಷಕ ದೊರೆತ ವರ್ಷವದು. ಬಂಗಾಳಿಗಳ ಉಚ್ಚಾರದಲ್ಲಿ ವಕಾರವು ಬಕಾರವಾಗುವುದರಿಂದ ಆ ಹೆಸರು ಬಿಭಾ ಎಂದಾಗಿದೆ. ನಮ್ಮ ಕನ್ನಡದಲ್ಲಾದರೆ ವಿಭಾ ಎನ್ನುತ್ತಿದ್ದೆವು, ಅಂದರೆ ಕಾಂತಿ, ಬೆಳಕು. ತಂದೆ ವೈದ್ಯರು. ಮನೆತನವು ಬ್ರಾಹ್ಮಸಮಾಜದ ವಿಚಾರಗಳಿಂದ ಪ್ರಭಾವಿತವಾದುದು. ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸಬೇಕೆಂಬುದು ಆ ಸಮಾಜದ ಮುಖ್ಯ ಧ್ಯೇಯಗಳಲ್ಲೊಂದಾಗಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಕೈಗೊಂಡ ದೀನದಲಿತರ ಸೇವೆಗೂ ಇದೇ ಚಳವಳಿಯ ಸಂಪರ್ಕವಿತ್ತೆಂಬುದನ್ನು ನಮ್ಮ ಭಾಗದ ಹಿರಿಯರು ಬಲ್ಲರು. ಇಂತಹ ಮನೆಯಲ್ಲಿ ಹುಟ್ಟಿದುದು ಬಿಭಾ ಅವರ ಭಾಗ್ಯ. ಮನೆಯ ಬಾಗಿಲು ಅವರಿಗೆ ಮೊದಲೇ ತೆರೆದಿತ್ತು. ಹೊರಗಿನ ಬಾಗಿಲುಗಳು ಮಾತ್ರ ಅಷ್ಟು ಸುಲಭವಾಗಿ ತೆರೆಯಲಿಲ್ಲ.

ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಅವರು 1936ರಲ್ಲಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಪದವಿಯನ್ನು ಪಡೆದರು. ಆ ವರ್ಷ ಆ ವಿಷಯದಲ್ಲಿ ಪದವಿ ಪಡೆದವರಲ್ಲಿ ಮಹಿಳೆ ಅವರೊಬ್ಬರೇ. ಇದರ ಅರ್ಥವೇನೆಂಬುದನ್ನು ಇಂದಿನ ಮಕ್ಕಳು ಊಹಿಸುವುದು ಕಷ್ಟ. ಇದಕ್ಕೆ ಮೂರು ವರ್ಷಗಳ ಮೊದಲು, 1933ರಲ್ಲಿ, ನಮ್ಮ ಬೆಂಗಳೂರಿನಲ್ಲೇ ನಡೆದ ಒಂದು ಘಟನೆಯನ್ನು ನೆನೆದರೆ ಕಾಲದ ಪರಿಸ್ಥಿತಿ ಸ್ಪಷ್ಟವಾದೀತು. ಮುಂಬಯಿಯಲ್ಲಿ ಪದವಿ ಪಡೆದ ಕಮಲಾ ಭಾಗವತ್ ಎಂಬ ತರುಣಿ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರವೇಶ ಬಯಸಿ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತರಾದ ಸರ್ ಸಿ. ವಿ. ರಾಮನ್ ಅವರು. ಅಂಕಗಳು ಎಷ್ಟೇ ಉತ್ತಮವಾಗಿದ್ದರೂ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಲಾಯಿತು. ಆಕೆ ಪಟ್ಟು ಬಿಡದೆ ನಿಂತ ಮೇಲೆ, ಮೊದಲ ವರ್ಷ ಪರೀಕ್ಷಾರ್ಥವೆಂಬ ನಿಬಂಧನೆಯೊಂದಿಗೆ ಸೇರಿಸಿಕೊಂಡರು. ಶ್ರೀನಿವಾಸಯ್ಯನವರೆಂಬ ಗುರುಗಳ ಬಳಿಯಲ್ಲಿ ಕಮಲಾ ದುಡಿದು ತಮ್ಮ ಯೋಗ್ಯತೆಯನ್ನು ಸ್ಥಾಪಿಸಿದರು. 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ರಾಮನ್ ಅವರೂ ಮುಂದೆ ತಮ್ಮ ನಿಲುವನ್ನು ಬದಲಿಸಿದರು. ನಮ್ಮ ಕೇರಳದವರೇ ಆದ ಅನ್ನಾ ಮಾಣಿಯವರು 1940ರಲ್ಲಿ ರಾಮನ್ ಅವರ ಪ್ರಯೋಗಶಾಲೆಗೇ ಸೇರಿದರು. ಮಹಾ ಮೇಧಾವಿಗಳಿಗೂ ಕಾಲದ ಪೊರೆ ಕಣ್ಣಿಗೆ ಕವಿಯುವುದುಂಟೆಂಬುದನ್ನು ಇದು ತೋರಿಸುತ್ತದೆ.

ಬಿಭಾ ಅವರ ಅನುಭವವೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಜಗದೀಶಚಂದ್ರ ಬೋಸರು 1917ರಲ್ಲಿ ಸ್ಥಾಪಿಸಿದ ಬೋಸ್ ಸಂಶೋಧನಾಲಯಕ್ಕೆ, ಅವರ ಮರಣಾನಂತರ, ಸೋದರಳಿಯರಾದ ದೇವೇಂದ್ರಮೋಹನ ಬೋಸರು ನಿರ್ದೇಶಕರಾಗಿ ಬಂದರು. ಬಿಭಾ ಅವರು ಸಂಶೋಧನೆ ಮಾಡುವ ಇಚ್ಛೆಯಿಂದ ಅವರಲ್ಲಿಗೆ ಹೋದಾಗ, ಹೆಣ್ಣುಮಕ್ಕಳಿಗೆ ಕೊಡತಕ್ಕ ಕೆಲಸ ತಮ್ಮಲ್ಲಿಲ್ಲವೆಂದು ಬೋಸರು ಮೊದಲಿಗೆ ಹಿಂಜರಿದರೆಂದು ಬಿಭಾ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ತರುಣಿ ಹಿಮ್ಮೆಟ್ಟಲಿಲ್ಲ. ಗುರುಗಳು ಒಪ್ಪಿದರು. ಒಪ್ಪಿದ ಮೇಲೆ ಅವರು ಶಿಷ್ಯೆಯನ್ನು ಸಮಾನ ಸಹೋದ್ಯೋಗಿಯಂತೆಯೇ ನಡೆಸಿಕೊಂಡರೆಂಬುದಕ್ಕೆ ಇಬ್ಬರ ಹೆಸರಿನಲ್ಲೂ ಪ್ರಕಟವಾದ ಲೇಖನಗಳೇ ಸಾಕ್ಷಿ.

ಅವರು ಮಾಡಿದ ಕೆಲಸವೇನೆಂಬುದನ್ನು ತರಗತಿಯಲ್ಲಿ ಹೇಳುವಂತೆ ಸ್ವಲ್ಪ ವಿವರಿಸುವೆನು. ಬಾಹ್ಯಾಕಾಶದಿಂದ ನಮ್ಮ ಭೂಮಿಯ ಮೇಲೆ ಹಗಲಿರುಳೆನ್ನದೆ ಸೂಕ್ಷ್ಮ ಕಣಗಳು ಸುರಿಯುತ್ತಿರುತ್ತವೆ. ಇವುಗಳಿಗೆ ವಿಶ್ವಕಿರಣಗಳೆಂದು ಹೆಸರು. 1912ರಲ್ಲಿ ವಿಕ್ಟರ್ ಹೆಸ್ ಎಂಬ ಆಸ್ಟ್ರಿಯದ ವಿಜ್ಞಾನಿ ಬಲೂನಿನಲ್ಲಿ ಮೇಲೇರಿ ಇವುಗಳನ್ನು ಪತ್ತೆಹಚ್ಚಿದರು. ಈ ಕಣಗಳು ವಾಯುಮಂಡಲದ ಪರಮಾಣುಗಳ ಬೀಜಕ್ಕೆ ಬಡಿದಾಗ ಅಲ್ಲಿಂದ ಹೊಸ ಕಣಗಳು ಸಿಡಿಯುತ್ತವೆ. ಪರಮಾಣುವಿನ ಬೀಜದೊಳಗೆ ಏನಿದೆ, ಅದನ್ನು ಬಿಗಿದು ಹಿಡಿದಿರುವ ಶಕ್ತಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು, ದೊಡ್ಡ ಯಂತ್ರಗಳಿಲ್ಲದ ಆ ಕಾಲದಲ್ಲಿ, ಈ ಕಿರಣಗಳೇ ಮುಖ್ಯ ಆಧಾರವಾಗಿದ್ದವು. ಎಲೆಕ್ಟ್ರಾನಿಗಿಂತ ಭಾರವಾದ, ಪ್ರೋಟಾನಿಗಿಂತ ಹಗುರವಾದ ಒಂದು ನಡುವಣ ಕಣವು ಇರಬೇಕೆಂದು ಜಪಾನಿನ ಯುಕಾವಾ ಎಂಬವರು 1935ರಲ್ಲಿ ಲೆಕ್ಕ ಹಾಕಿದ್ದರು. ಅಂತಹ ನಡುವಣ ಕಣಗಳಿಗೆ ಮೆಸಾನ್ ಎಂಬ ಹೆಸರು ಬಂದಿತು.

ಕಣ್ಣಿಗೆ ಕಾಣದ ಈ ಕಣವನ್ನು ಹಿಡಿಯುವುದು ಹೇಗೆ? ಛಾಯಾಚಿತ್ರ ತೆಗೆಯಲು ಬಳಸುವ ಗಾಜಿನ ಫಲಕವನ್ನು ಬೆಳಕು ತಾಗದಂತೆ ಮುಚ್ಚಿಟ್ಟರೂ ಈ ಕಣಗಳು ಅದರೊಳಗೆ ಹಾದುಹೋಗಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳ ಸಾಲನ್ನು ಮೂಡಿಸುತ್ತವೆ. ಒದ್ದೆ ನೆಲದ ಮೇಲೆ ನಡೆದುಹೋದ ಹಕ್ಕಿಯ ಹೆಜ್ಜೆಗುರುತುಗಳಂತೆ. ಹಕ್ಕಿಯನ್ನು ನಾವು ಕಾಣದಿದ್ದರೂ, ಗುರುತಿನ ಆಳ ಮತ್ತು ಅಂತರವನ್ನು ನೋಡಿ ಅದು ಕಾಗೆಯೋ ಗುಬ್ಬಿಯೋ ಎಂದು ಹೇಳಬಹುದಲ್ಲವೆ? ಅಂತೆಯೇ ಚುಕ್ಕೆಗಳ ಅಂತರವನ್ನೂ ಸಾಲಿನ ಬಾಗುಗಳನ್ನೂ ಸೂಕ್ಷ್ಮದರ್ಶಕದ ಕೆಳಗೆ ಅಳೆದು ಕಣದ ಭಾರವನ್ನು ಗಣಿಸುವುದು ಈ ವಿಧಾನ. ಪರಮಾಣು ಬೀಜದ ಅಧ್ಯಯನಕ್ಕೆ ಇದನ್ನು ಹದಗೊಳಿಸಿದವರಲ್ಲಿ ಅಗ್ರಗಣ್ಯರು ವಿಯೆನ್ನಾದ ಮಾರಿಯೆಟ್ಟಾ ಬ್ಲೌ ಎಂಬ ಮಹಿಳೆಯೇ ಆಗಿದ್ದರು. 1938ರಲ್ಲಿ ಆಕೆ ನಾಜಿಗಳ ಕಾರಣದಿಂದ ತಾಯ್ನಾಡನ್ನೇ ತೊರೆಯಬೇಕಾಯಿತು.

ಬಿಭಾ ಅವರೂ ದೇವೇಂದ್ರಮೋಹನ ಬೋಸರೂ ಇಂತಹ ಫಲಕಗಳನ್ನು ಸುಮಾರು ಏಳು ಸಾವಿರ ಅಡಿ ಎತ್ತರದ ಡಾರ್ಜಿಲಿಂಗಿನಲ್ಲಿ, ಸುಮಾರು ಹನ್ನೆರಡು ಸಾವಿರ ಅಡಿ ಎತ್ತರದ ಸಂದಕ್‌ಫುವಿನಲ್ಲಿ ತಿಂಗಳುಗಟ್ಟಲೆ ಇರಿಸಿದರು. ನಮ್ಮ ರಾಣಿಪುರದ ಗುಡ್ಡವನ್ನು ಏರಿ ದಣಿದವರು, ಅದರ ಮೂರು ಪಟ್ಟಿಗೂ ಮಿಗಿಲಾದ ಎತ್ತರವನ್ನು ಕಲ್ಪಿಸಿಕೊಳ್ಳಬಹುದು. ಎತ್ತರಕ್ಕೆ ಹೋದಷ್ಟೂ ಗಾಳಿಯ ಹೊದಿಕೆ ತೆಳುವಾಗಿ ಕಿರಣಗಳು ಹೆಚ್ಚಾಗಿ ದೊರೆಯುತ್ತವೆ ಎಂಬುದೇ ಇದರ ಕಾರಣ. ಫಲಕಗಳನ್ನು ಇಳಿಸಿ ತಂದ ಬಳಿಕ ನಿಜವಾದ ತಪಸ್ಸು. ಒಂದೊಂದೇ ಗೆರೆಯನ್ನು ಹುಡುಕಿ, ಒಂದೊಂದೇ ಚುಕ್ಕೆಯನ್ನು ಎಣಿಸಿ ಅಳೆಯಬೇಕು. ಹೀಗೆ ಅಳೆದಾಗ ಎಲೆಕ್ಟ್ರಾನಿನ ಸುಮಾರು ಇನ್ನೂರು ಪಟ್ಟು ಭಾರವಿರುವ ಕಣದ ಗುರುತುಗಳು ಅವರಿಗೆ ದೊರೆತವು. 1940ರಿಂದ 1942ರವರೆಗಿನ ಅವಧಿಯಲ್ಲಿ ಈ ಫಲಿತಾಂಶಗಳು ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದವು. ಆಗ ಬಿಭಾ ಅವರ ವಯಸ್ಸು ಮೂವತ್ತು ತುಂಬಿರಲಿಲ್ಲ.

ಆದರೆ ವಿಧಿ ಅಡ್ಡ ಬಂದಿತು. ಗುರುತುಗಳನ್ನು ನಿಖರವಾಗಿ ಅಳೆಯಬೇಕಾದರೆ ಇನ್ನಷ್ಟು ಉತ್ತಮ ದರ್ಜೆಯ ಫಲಕಗಳು ಬೇಕಾಗಿದ್ದವು. ಎರಡನೆಯ ಮಹಾಯುದ್ಧದ ಕಾರಣದಿಂದ ಅಂತಹ ಫಲಕಗಳು ಭಾರತಕ್ಕೆ ದೊರೆಯದಾದವು. ಕೆಲಸವು ಅರ್ಧಕ್ಕೇ ನಿಂತಿತು. ಯುದ್ಧ ಮುಗಿದ ಬಳಿಕ ಇಂಗ್ಲೆಂಡಿನ ಸೆಸಿಲ್ ಪೊವೆಲ್ ಅವರ ತಂಡವು, ಸುಧಾರಿಸಿದ ಫಲಕಗಳನ್ನು ಯುರೋಪಿನ ಮತ್ತು ದಕ್ಷಿಣ ಅಮೇರಿಕೆಯ ಎತ್ತರದ ಪರ್ವತಗಳಲ್ಲಿರಿಸಿ, 1947ರಲ್ಲಿ ಯುಕಾವಾ ಹೇಳಿದ ಕಣವನ್ನು ಖಚಿತವಾಗಿ ಗುರುತಿಸಿತು. ಅಲ್ಲಿ ಇದ್ದುದು ಒಂದು ಕಣವಲ್ಲ, ಎರಡು ಎಂಬುದೂ ಆಗ ತಿಳಿಯಿತು. ಇನ್ನೂರೆಪ್ಪತ್ತರ ಆಸುಪಾಸಿನದು ಒಂದು, ಇನ್ನೂರರ ಆಸುಪಾಸಿನದು ಇನ್ನೊಂದು. ಪೊವೆಲ್ ಅವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಮಗಿಂತ ಮೊದಲು ಬೋಸ್ ಮತ್ತು ಚೌಧುರಿಯವರು ಇದೇ ದಾರಿಯಲ್ಲಿ ನಡೆದಿದ್ದರೆಂಬುದನ್ನು ಪೊವೆಲ್ ಅವರು ತಮ್ಮ ಗ್ರಂಥದಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ನೊಬೆಲ್ ಪಾರಿತೋಷಕವನ್ನು ಬಿಭಾ ಅವರಿಂದ ಯಾರೋ ಕಸಿದುಕೊಂಡರೆಂದು ಹೇಳುವುದು ಸರಿಯಲ್ಲ. ಅವರ ಫಲಕಗಳು ಎರಡು ಕಣಗಳನ್ನು ಬೇರ್ಪಡಿಸಿ ತೋರಿಸುವಷ್ಟು ಸೂಕ್ಷ್ಮವಾಗಿರಲಿಲ್ಲ. ಬುದ್ಧಿ ಇತ್ತು, ಶ್ರಮವಿತ್ತು, ದಾರಿಯೂ ಸರಿಯಿತ್ತು, ಸಾಧನ ಮಾತ್ರ ಇರಲಿಲ್ಲ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಕಲಿತ ನಮಗೆ ಈ ಮಾತು ಹೊಸತಲ್ಲ.

1945ರಲ್ಲಿ ಬಿಭಾ ಅವರು ಇಂಗ್ಲೆಂಡಿಗೆ ತೆರಳಿ ಮ್ಯಾಂಚೆಸ್ಟರಿನಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಬ್ಲ್ಯಾಕೆಟ್ ಅವರಿಗೆ 1948ರಲ್ಲಿ, ಬಿಭಾ ಅವರು ಅಲ್ಲಿರುವಾಗಲೇ, ನೊಬೆಲ್ ಪಾರಿತೋಷಕ ಬಂದಿತು. ಆಕಾಶದಿಂದ ಒಂದೇ ಒಂದು ಶಕ್ತಿಶಾಲಿ ಕಣ ಬಂದು ವಾಯುಮಂಡಲದ ನೆತ್ತಿಗೆ ಬಡಿದಾಗ, ಒಂದರಿಂದ ಹತ್ತು, ಹತ್ತರಿಂದ ನೂರು ಎಂಬಂತೆ ಲಕ್ಷಾಂತರ ಕಣಗಳ ಸೋನೆ ನೆಲಕ್ಕೆ ಸುರಿಯುತ್ತದೆ. ನಮ್ಮ ಕರಾವಳಿಯ ಆಷಾಢದ ಜಡಿಮಳೆಯಂತೆ. ಈ ಕಣಮಳೆಯಲ್ಲಿ ದಪ್ಪನೆಯ ಸೀಸದ ಗೋಡೆಯನ್ನೂ ಭೇದಿಸಿ ಹೋಗಬಲ್ಲ ಕಣಗಳು ಎಷ್ಟು, ಅವುಗಳ ಪ್ರಮಾಣ ಹೇಗೆ ಎಂಬುದೇ ಅವರ ಡಾಕ್ಟರೇಟ್ ಪ್ರಬಂಧದ ವಿಷಯ. ಅಲ್ಲಿನ ಪತ್ರಿಕೆಯೊಂದು ಭಾರತದ ಈ ಹೊಸ ಮಹಿಳಾ ವಿಜ್ಞಾನಿಯನ್ನು ಭೇಟಿ ಮಾಡಿ ವಿಶೇಷ ಲೇಖನವನ್ನು ಪ್ರಕಟಿಸಿತು.

ಇಲ್ಲಿಂದ ಮುಂದೆ ಕಥೆಯು ನಮ್ಮ ಕನ್ನಡ ನಾಡನ್ನು ಸ್ಪರ್ಶಿಸುತ್ತದೆ. ಭಾರತದ ಪರಮಾಣು ವಿಜ್ಞಾನದ ಪಿತಾಮಹರಾದ ಹೋಮಿ ಭಾಭಾ ಅವರು ಯುದ್ಧಕಾಲವನ್ನು ಕಳೆದುದು ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರ ಜೂನ್ ತಿಂಗಳಲ್ಲಿ ಕಣ್ಣು ತೆರೆದುದೂ ಅಲ್ಲಿಯೇ. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಸ್ಥಳಾಂತರಗೊಂಡಿತು. ದೇಶಕ್ಕೆ ಬೇಕಾದ ಪ್ರತಿಭಾವಂತರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ತರುತ್ತಿದ್ದ ಭಾಭಾ ಅವರು 1949ರಲ್ಲಿ ಬಿಭಾ ಅವರನ್ನು ಆ ಸಂಸ್ಥೆಗೆ ಸೇರಿಸಿಕೊಂಡರು. ಅಲ್ಲಿ ಸಂಶೋಧಕಿಯಾಗಿ ಸೇರಿದ ಮೊಟ್ಟಮೊದಲ ಮಹಿಳೆ ಅವರು. ನಂಜನಗೂಡಿನಲ್ಲಿ ಹುಟ್ಟಿದ ಕನ್ನಡಿಗ ಬಿ. ವಿ. ಶ್ರೀಕಂಠನ್ ಅವರು ಅದಾಗಲೇ 1948ರಲ್ಲಿ ಅಲ್ಲಿಗೆ ಸೇರಿದ್ದರು; ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. ಬಿಭಾ ಅವರು 1957ರವರೆಗೆ ಅಲ್ಲಿ ಸೇವೆ ಸಲ್ಲಿಸಿದರು.

ಆ ಬಳಿಕ ಅವರು ವಿಕ್ರಮ್ ಸಾರಾಭಾಯಿಯವರು ಅಹಮದಾಬಾದಿನಲ್ಲಿ ಕಟ್ಟಿದ ಭೌತ ಸಂಶೋಧನಾಲಯದಲ್ಲಿ ದುಡಿದರು. ಆ ಕಾಲದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲಿ ಅವರೂ ಭಾಗಿಗಳಾದರು. ಗಣಿಗೂ ಆಕಾಶದ ಕಿರಣಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಬೆಟ್ಟದ ತುದಿಯಲ್ಲಿ ಎಲ್ಲ ಕಣಗಳೂ ದೊರೆಯುತ್ತವೆ. ನೆಲದ ಆಳಕ್ಕೆ ಇಳಿದಂತೆ ಬಂಡೆಗಲ್ಲೇ ಜರಡಿಯಾಗಿ ಉಳಿದ ಕಣಗಳನ್ನು ತಡೆದು, ಅತಿ ಭೇದಕವಾದವುಗಳನ್ನು ಮಾತ್ರ ಒಳಬಿಡುತ್ತದೆ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲೇ ಕೋಲಾರದ ಗಣಿಯಲ್ಲಿ ಇಂತಹ ಅಳತೆಗಳನ್ನು ಆರಂಭಿಸಿದ್ದರು. 1965ರಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣದ ಕುರುಹು ಪತ್ತೆಯಾಗಿ ಕೋಲಾರದ ಹೆಸರು ಜಗತ್ತಿನ ವಿಜ್ಞಾನ ಚರಿತ್ರೆಯಲ್ಲಿ ದಾಖಲಾಯಿತು. ಚಿನ್ನ ಮುಗಿದು 2001ರಲ್ಲಿ ಗಣಿ ಮುಚ್ಚಿದರೂ ಆ ಕೀರ್ತಿ ಮುಚ್ಚಿಹೋಗಿಲ್ಲ. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. 1952ರ ಗಣಿ ಅಧಿನಿಯಮದ ಪ್ರಕಾರ ನೆಲದಡಿಯ ಗಣಿಯಲ್ಲಿ ಮಹಿಳೆಯರನ್ನು ಕೆಲಸಕ್ಕೆ ನೇಮಿಸುವುದು ನಿಷಿದ್ಧವಾಗಿತ್ತು. ರಕ್ಷಣೆಯ ಸದುದ್ದೇಶದಿಂದಲೇ ಮಾಡಿದ ಕಾನೂನು ಅದು. ಆದರೆ ಗಣಿ ಇಂಜಿನಿಯರ್ ಆಗಬಯಸಿದ ಹುಡುಗಿಯರಿಗೆ ಅದೇ ಬೇಲಿಯೂ ಆಯಿತು. ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಹುದ್ದೆಗಳ ಮಟ್ಟಿಗೆ ಆ ಬೇಲಿಯನ್ನು ಸರಿಸಿದುದು 2019ರಲ್ಲಿ, ಅಂದರೆ ಅರುವತ್ತೇಳು ವರ್ಷಗಳ ಬಳಿಕ.

1971ರ ಡಿಸೆಂಬರ್ 30ರಂದು ಸಾರಾಭಾಯಿಯವರು ನಮ್ಮ ಕೇರಳದ ಕೋವಳಂನಲ್ಲಿ ಅಕಾಲ ಮರಣಕ್ಕೀಡಾದರು. ಬಿಭಾ ಅವರಿಗೆ ಇದು ದೊಡ್ಡ ಆಘಾತವಾಯಿತು. ಅವರು ಮುಂದೆ ಕೈಗೊಳ್ಳಬೇಕೆಂದಿದ್ದ ಸಂಶೋಧನೆಗೆ ಅಲ್ಲಿ ಅವಕಾಶ ದೊರೆಯದೆ, ನಿವೃತ್ತಿ ಪಡೆದು ಕಲ್ಕತ್ತೆಗೆ ಮರಳಿದರು. ಅಲ್ಲಿಯೂ ಸುಮ್ಮನೆ ಕುಳಿತವರಲ್ಲ. ಸಾಹಾ ಪರಮಾಣು ಭೌತವಿಜ್ಞಾನ ಸಂಸ್ಥೆಯೇ ಮೊದಲಾದ ಕಡೆಗಳಲ್ಲಿ ಇತರರೊಡಗೂಡಿ ಕೊನೆಗಾಲದವರೆಗೂ ಸಂಶೋಧನೆಯನ್ನು ನಡೆಸುತ್ತ ಬಂದರು. ಅವರು ಅವಿವಾಹಿತರಾಗಿಯೇ ಉಳಿದರು. 1991ನೇ ಇಸವಿ ಜೂನ್ 2ರಂದು ದೈವಾಧೀನರಾದರು.

ಐವತ್ತು ವರ್ಷಗಳ ಆ ದೀರ್ಘ ಸೇವೆಗೆ ದೇಶದ ಯಾವ ದೊಡ್ಡ ಪ್ರಶಸ್ತಿಯೂ ಅವರನ್ನು ಅರಸಿ ಬರಲಿಲ್ಲ. ನಮ್ಮ ಪ್ರಮುಖ ವಿಜ್ಞಾನ ಅಕಾಡೆಮಿಗಳಲ್ಲಿ ಯಾವುದೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 2008ರಲ್ಲಿ ಭಾರತದ ಮಹಿಳಾ ವಿಜ್ಞಾನಿಗಳ ಪರಿಚಯಕ್ಕಾಗಿಯೇ ಹೊರತಂದ ಲೀಲಾವತಿಯ ಪುತ್ರಿಯರೆಂಬ ಅರ್ಥದ ಹೆಸರಿನ ಇಂಗ್ಲಿಷ್ ಗ್ರಂಥದಲ್ಲಿಯೂ ಅವರಿಗೆ ಸ್ಥಳ ದೊರೆಯಲಿಲ್ಲ. 2018ರಲ್ಲಿ ಇಬ್ಬರು ವಿದ್ವಾಂಸರು ಹಳೆಯ ಕಾಗದಪತ್ರಗಳನ್ನು ಶೋಧಿಸಿ ಅವರ ಚರಿತ್ರೆಯನ್ನು ಬರೆದ ಮೇಲೆ ಲೋಕದ ಕಣ್ಣು ತೆರೆಯಿತು. ಮರುವರ್ಷ, 2019ರ ಡಿಸೆಂಬರಿನಲ್ಲಿ, ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು ಸುಮಾರು 340 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರಕ್ಕೆ ಬಿಭಾ ಎಂದು ನಾಮಕರಣ ಮಾಡಿತು. ಅದನ್ನು ಸುತ್ತುವ ಗ್ರಹಕ್ಕೆ ಇಟ್ಟ ಹೆಸರು ಸಂತಮಸ, ಮೋಡ ಮುಸುಕಿದ್ದು ಎಂಬರ್ಥದಲ್ಲಿ. ಆ ನಕ್ಷತ್ರವು ಬರಿಗಣ್ಣಿಗೆ ಕಾಣುವಂಥದಲ್ಲ. ಅದನ್ನು ನೋಡಬೇಕೆಂಬ ಮನಸ್ಸು ಮಾಡಿ, ದೂರದರ್ಶಕವನ್ನು ತಿರುಗಿಸಿ ಹುಡುಕಬೇಕು. ಆ ಮಹಿಳೆಯ ಬಾಳಿಗೆ ಇದಕ್ಕಿಂತ ತಕ್ಕುದಾದ ನಕ್ಷತ್ರವನ್ನು ಆರಿಸುವುದು ಸಾಧ್ಯವಿರಲಿಲ್ಲವೆಂದು ನನಗನಿಸುತ್ತದೆ.

ಇನ್ನು ನಾನು ಮೊದಲಲ್ಲಿ ಹೇಳಿದ ಕಾರಣಕ್ಕೆ ಬರುವೆನು. ಈ ಚರಿತ್ರೆಯನ್ನು ಓದುತ್ತಿದ್ದಾಗ ಒಂದು ಸಂಗತಿ ನನ್ನನ್ನು ಬಹಳವಾಗಿ ಕಾಡಿತು. ಬಿಭಾ ಅವರ ಬಾಳಿನ ಪ್ರತಿಯೊಂದು ತಿರುವಿನಲ್ಲಿಯೂ ಬಾಗಿಲ ಬಳಿ ಒಬ್ಬ ಗಂಡಸು ನಿಂತಿದ್ದಾನೆ. ಬೋಸರು, ಬ್ಲ್ಯಾಕೆಟ್, ಭಾಭಾ, ಸಾರಾಭಾಯಿ. ಅವರು ಸಜ್ಜನರಾಗಿದ್ದುದರಿಂದ ಬಾಗಿಲು ತೆರೆಯಿತು. ಕೊನೆಯವರು ತೀರಿಕೊಂಡಾಗ ಬಾಗಿಲು ಮುಚ್ಚಿತು. ಸಜ್ಜನರ ಔದಾರ್ಯದ ಮೇಲೆ ನಿಂತ ಅವಕಾಶವು ಅವಕಾಶವೇ ಅಲ್ಲ, ಅದು ಅದೃಷ್ಟ. ಹಾಗಾದರೆ ಬಾಗಿಲಲ್ಲಿ ನಿಂತವನು ತಪ್ಪು ಮಾಡಿದರೆ?

ಅಂತಹ ಬಾಗಿಲೊಂದರಲ್ಲಿ ನಾನೂ ನಿಂತಿದ್ದೆ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಅಧ್ಯಾಪಕ ತರಬೇತಿ ಪಡೆದು ಮಕ್ಕಳಿಗೆ ಪಾಠ ಹೇಳುತ್ತಿದ್ದ ನನ್ನ ತರಗತಿಯಲ್ಲಿ, ಪರಮಾಣುವಿನ ಪಾಠ ನಡೆಯುತ್ತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಎಲೆಕ್ಟ್ರಾನುಗಳು ಸುತ್ತಿ ಸುತ್ತಿ ನಡುವಿನ ಬೀಜಕ್ಕೆ ಏಕೆ ಬಿದ್ದುಬಿಡುವುದಿಲ್ಲವೆಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. ಅದು ಪಾಠದಲ್ಲಿಲ್ಲವೆಂದು ಹೇಳಿ ಕುಳ್ಳಿರಿಸಿದೆ. ಜಗತ್ತಿನ ಮಹಾ ವಿಜ್ಞಾನಿಗಳನ್ನೇ ಕಂಗೆಡಿಸಿದ ಪ್ರಶ್ನೆ ಅದೆಂದು ನನಗೆ ಗೊತ್ತಾದುದು ನಿವೃತ್ತನಾದ ಬಳಿಕ. ಮುಂದೆ 1987ರಲ್ಲಿ ಆಕೆ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಾಗ, ಅಲ್ಪ ಅಡಿಕೆ ತೋಟದ ಯಜಮಾನರಾದ ಆಕೆಯ ತಂದೆ ಮಗಳನ್ನು ಕರೆದುಕೊಂಡು ಹಳೆಯ ಮಾಸ್ತರನ ಸಲಹೆ ಕೇಳಲು ನನ್ನ ಮನೆಗೆ ಬಂದರು. ಹುಡುಗಿಗೆ ಪ್ರೀಡಿಗ್ರಿಯಲ್ಲಿ ಫಸ್ಟ್ ಗ್ರೂಪ್ ತೆಗೆದುಕೊಂಡು ಭೌತಶಾಸ್ತ್ರ ಕಲಿಯುವ ಆಸೆ. ನಾನು ಎಲ್ಲವನ್ನೂ ಲೆಕ್ಕ ಹಾಕಿದೆ. ಎರಡು ಬಸ್ಸು ಹಿಡಿಯಬೇಕು, ಪಾಠವೆಲ್ಲ ಇಂಗ್ಲಿಷಿನಲ್ಲಿ, ಪ್ರಯೋಗಶಾಲೆಯ ತರಗತಿ ಮುಗಿದು ಬರುವಾಗ ಮಳೆಗಾಲದಲ್ಲಿ ಕತ್ತಲಾಗುತ್ತದೆ, ಮುಂದೆ ಮದುವೆಯೂ ಆಗಬೇಕು. ಹೆಣ್ಣುಮಕ್ಕಳಿಗೆ ಅಧ್ಯಾಪಕ ತರಬೇತಿಯೇ ಒಳ್ಳೆಯದೆಂದು ಹೇಳಿ ಕಳುಹಿಸಿದೆ. ಅದೇ ವಾರದಲ್ಲಿ, ಆಕೆಗಿಂತ ಕಡಿಮೆ ಅಂಕ ಪಡೆದ ಹುಡುಗನೊಬ್ಬನಿಗೆ ಅದೇ ಫಸ್ಟ್ ಗ್ರೂಪ್ ತೆಗೆದುಕೊಳ್ಳುವಂತೆ ಉತ್ತೇಜನ ನೀಡಿದೆ. ಬಸ್ಸು, ಇಂಗ್ಲಿಷು, ಕತ್ತಲೆ ಇವಾವುವೂ ಆಗ ನನ್ನ ನೆನಪಿಗೆ ಬರಲಿಲ್ಲ.

ಆಕೆ ಒಳ್ಳೆಯ ಅಧ್ಯಾಪಿಕೆಯಾದಳು. ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದಳು. ಆ ವೃತ್ತಿಯನ್ನು ನಾನು ಕೀಳೆನ್ನಲಾರೆ, ನನ್ನ ಬಾಳೂ ಅದೇ. ಆದರೆ ಆಕೆಯ ಆಯ್ಕೆ ಅದಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ ಭೇಟಿಯಾದಾಗ, ಎಲೆಕ್ಟ್ರಾನು ಬೀಳದಿರುವುದಕ್ಕೆ ಕಾರಣ ಮಾಸ್ತರರಿಗೆ ಈಗಲಾದರೂ ಸಿಕ್ಕಿತೇ ಎಂದು ನಗುತ್ತ ಕೇಳಿದಳು. ಆ ನಗುವಿನಲ್ಲಿ ಯಾವ ದೂರೂ ಇರಲಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಪರಮಾಣು ಶಕ್ತಿಯಲ್ಲಿ ಮುಂದುವರಿದ ರಾಷ್ಟ್ರಗಳ ಪರಮಾಣು ಶಕ್ತಿ ಏಜೆನ್ಸಿಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಲ್ಲಿನ ಪರಮಾಣು ಕ್ಷೇತ್ರದಲ್ಲಿ ದುಡಿಯುವವರ ಪೈಕಿ ಮಹಿಳೆಯರು ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ವಿಜ್ಞಾನ ಮತ್ತು ಇಂಜಿನಿಯರಿಂಗಿನ ಹುದ್ದೆಗಳಲ್ಲಿ ಐದನೇ ಒಂದು ಭಾಗ. ಇದನ್ನು ಸರಿಪಡಿಸಲು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಏಜೆನ್ಸಿಯು 2020ರಲ್ಲಿ ಮೇರಿ ಕ್ಯೂರಿಯವರ ಹೆಸರಿನಲ್ಲಿ ವಿದ್ಯಾರ್ಥಿನಿಯರಿಗೆ ಫೆಲೋಶಿಪ್ ಆರಂಭಿಸಿತು. ಮನೆವಾರ್ತೆಗಾಗಿ ಸಂಶೋಧನೆಯನ್ನು ನಿಲ್ಲಿಸಿದ ಮಹಿಳೆಯರು ಮರಳಿ ಬರುವಂತೆ ನಮ್ಮ ಕೇಂದ್ರ ಸರಕಾರದ ವಿಜ್ಞಾನ ಇಲಾಖೆಯು 2002ರ ಸುಮಾರಿಗೆ ಒಂದು ಯೋಜನೆಯನ್ನು ತಂದಿತು; ಪ್ರೌಢಶಾಲೆಯ ಹುಡುಗಿಯರಿಗಾಗಿ 2019ರಲ್ಲಿ ವಿಜ್ಞಾನ ಜ್ಯೋತಿ ಎಂಬ ಯೋಜನೆಯನ್ನು ಆರಂಭಿಸಿತು. ಇವೆಲ್ಲ ಸ್ತುತ್ಯ ಕಾರ್ಯಗಳು. ಏಕೆಂದರೆ ಇವು ಯಾರೊಬ್ಬರ ಕೃಪೆಯಲ್ಲ, ನಿಯಮಗಳು. ಬಾಗಿಲಲ್ಲಿ ನಿಂತವನು ಯಾರೇ ಆಗಿರಲಿ, ಅರ್ಹತೆಯುಳ್ಳ ಹುಡುಗಿ ತನ್ನ ಹಕ್ಕಿನಿಂದಲೇ ಒಳಗೆ ಹೋಗುವಂತಾಗಬೇಕು. ಆದರೆ ಆ ದೊಡ್ಡ ಬಾಗಿಲುಗಳನ್ನು ತಲುಪುವ ಮುನ್ನ ಹುಡುಗಿಯು ನಮ್ಮಂಥ ಚಿಕ್ಕ ಶಾಲೆಗಳ ಚಿಕ್ಕ ಬಾಗಿಲನ್ನು ದಾಟಬೇಕಷ್ಟೆ. ಕೈಗಾದ ಸ್ಥಾವರಕ್ಕೋ ಮುಂಬಯಿಯ ಭಾಭಾ ಕೇಂದ್ರಕ್ಕೋ ಹೋಗುವ ದಾರಿ ಇಲ್ಲಿಯ ಏಳನೆಯ ತರಗತಿಯಿಂದಲೇ ಹೊರಡುತ್ತದೆ.

ಆದುದರಿಂದ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ನಾನೊಂದು ವಿನಂತಿಯನ್ನು ಮುಂದಿಡುವೆನು. ನನ್ನ ಪಿಂಚಣಿಯ ಉಳಿತಾಯದಿಂದ ಒಂದು ಸಣ್ಣ ಮೊತ್ತವನ್ನು ದತ್ತಿನಿಧಿಯಾಗಿ ಹಳೆ ವಿದ್ಯಾರ್ಥಿ ಸಂಘಕ್ಕೆ ಒಪ್ಪಿಸುತ್ತಿದ್ದೇನೆ. ಇಲ್ಲಿ ಕಲಿತು ಹೋಗಿ ಪ್ಲಸ್ ಟುವಿನಲ್ಲಿ ವಿಜ್ಞಾನವನ್ನು ಆರಿಸಿಕೊಳ್ಳುವ ಹುಡುಗಿಯರಿಗೆ ಪ್ರಯಾಣದ ಖರ್ಚು, ಸಂಜೆ ತಡವಾದ ದಿನ ಮನೆ ಮುಟ್ಟಿಸುವ ವಾಹನದ ಏರ್ಪಾಡು, ರಜಾಕಾಲದಲ್ಲಿ ಒಂದು ತಿಂಗಳು ಇಂಗ್ಲಿಷಿನಲ್ಲಿ ವಿಜ್ಞಾನದ ಪದಗಳ ಪರಿಚಯ, ಇವಿಷ್ಟು ಆ ನಿಧಿಯಿಂದ ನಡೆಯಬೇಕು. ಯಾರಿಗೆ ಕೊಡಬೇಕೆಂಬುದನ್ನು ಮುಖ್ಯೋಪಾಧ್ಯಾಯರ ವಿವೇಚನೆಗೆ ಬಿಡಕೂಡದು. ಕೇಳಿ ಬಂದ ಪ್ರತಿಯೊಬ್ಬಳಿಗೂ ದೊರೆಯಬೇಕೆಂದು ನಿಯಮವನ್ನು ಬರೆದಿಡಬೇಕು. ಒಬ್ಬ ಮುಖ್ಯೋಪಾಧ್ಯಾಯನ ವಿವೇಚನೆ ಎಂಥದಿತ್ತೆಂಬುದನ್ನು ನಾನು ಈಗಾಗಲೇ ನಿಮಗೆ ತಿಳಿಸಿದ್ದೇನೆ. ನನ್ನ ಮೊತ್ತ ಅತ್ಯಲ್ಪ. ಊರಿನಲ್ಲಿಯೂ ಪರವೂರಿನಲ್ಲಿಯೂ ಇರುವ ಹಳೆ ವಿದ್ಯಾರ್ಥಿಗಳು ಕೈಗೂಡಿಸಿದರೆ ಹನಿಗೂಡಿ ಹಳ್ಳವಾದೀತು.

ನಮ್ಮ ಶಾಲೆಯು ಶತಮಾನೋತ್ಸವವನ್ನು ಆಚರಿಸುವ ದಿನ ನಾನಿರುವುದಿಲ್ಲ. ಅಂದಿನ ಸ್ಮರಣ ಸಂಚಿಕೆಯಲ್ಲಿ, ಪರಮಾಣುವಿನ ಒಳಗನ್ನು ಕಂಡುಬಂದ ನಮ್ಮೂರ ಹೆಣ್ಣುಮಗಳೊಬ್ಬಳು ತನ್ನ ಕಥೆಯನ್ನು ತಾನೇ ಕನ್ನಡದಲ್ಲಿ ಬರೆಯುವಂತಾಗಲಿ. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಮಕ್ಕಳನ್ನು ಯಾರೂ ಕುಳ್ಳಿರಿಸದಿರಲಿ. ಸರ್ವರಿಗೂ ಶುಭವಾಗಲಿ.